ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ

ಚಳಿಗಾಲದ ಒಂದು ಮಂಗಳವಾರ, ಬೆಳಿಗ್ಗೆ ಎಂಟು ಗಂಟೆಗೆ, ವನಮಾಲಾಬಾಯಿಯವರ ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತು. ಪಕ್ಕದ ಸೀಸೆಯಲ್ಲಿದ್ದ ಹರಳೆಣ್ಣೆ ಮಾತ್ರ ಹೆಪ್ಪುಗಟ್ಟಿರಲಿಲ್ಲ. ಮೊಮ್ಮಗಳ ಒಡೆದ ಚರ್ಮಕ್ಕೆಂದು ಅಂದು ಮನೆಯಲ್ಲೇ ಸಾಬೂನು ಮಾಡುವುದಿತ್ತು. ಎರಡು ಎಣ್ಣೆಗಳಲ್ಲಿ ಯಾವುದು ಎಷ್ಟನ್ನು ಸಾಬೂನಾಗಿಸಬಲ್ಲದೆಂದು ನೋಡಿ ತೂಗಿದ, ಚರ್ಮ ಸುಡುವ ಕಾಸ್ಟಿಕ್ ಸೋಡಾ ಆಗಲೇ ನೀರಿಗೆ ಬಿದ್ದು ಬುಸುಗುಟ್ಟುತ್ತಿತ್ತು.

"ಹೊರಗೆ ಬಾರಣ್ಣ," ಎಂದಿತು ಹರಳೆಣ್ಣೆ. "ನೊರೆಯೆಲ್ಲ ನನ್ನದೇ ಎಂದು ಬೇಸಿಗೆಯುದ್ದಕ್ಕೂ ಹೇಳುತ್ತಿದ್ದೆಯಲ್ಲ."

"ಬೇಸಿಗೆಯ ಮಾತು ಚಳಿಗಾಲಕ್ಕೆ ಸಲ್ಲದು," ಎಂದಿತು ಕೊಬ್ಬರಿ ಎಣ್ಣೆ, ಸೀಸೆಯ ಕತ್ತಿನೊಳಗಿಂದ. "ನಿನ್ನದು ಮೆದು ಸ್ವಭಾವ. ನನ್ನ ಪಾಲನ್ನೂ ನೀನೇ ನೋಡಿಕೋ."

ಸೋಡಾ ಬಹಳ ನಯವಾಗಿ ಹೇಳಿತು: "ಅವನಷ್ಟು ಉಣ್ಣಿಸುವ ಶಕ್ತಿ ನಿನಗಿಲ್ಲ, ತಮ್ಮ. ನನ್ನ ಹೊಟ್ಟೆ ತುಂಬದಿದ್ದರೆ ಆ ಮಗುವಿನ ಚರ್ಮ ಇದ್ದೇ ಇದೆ."

ವನಮಾಲಾಬಾಯಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಎರಡು ಸಲ ಕುಟ್ಟಿದರು, ಏನೂ ಬೀಳಲಿಲ್ಲ. ಬಿಸಿನೀರಿನಲ್ಲಿ ಇಡುವಷ್ಟು ತಾಳ್ಮೆ ಅವರಿಗಿರಲಿಲ್ಲ. "ಯಾವುದಾದರೇನು, ಎಣ್ಣೆ ಎಣ್ಣೆಯೇ," ಎಂದು ಅದರ ಬದಲಿಗೂ ಹರಳೆಣ್ಣೆಯನ್ನೇ ಸುರಿದರು. ಹರಳೆಣ್ಣೆ ಕಣ್ಣು ಮುಚ್ಚಿ ಸೋಡಾವನ್ನು ಅಪ್ಪಿಕೊಂಡಿತು. ತಣಿಸಬಹುದಾದಷ್ಟನ್ನು ತಣಿಸಿತು. ಮಿಕ್ಕ ಸೋಡಾ ಹಸಿದೇ ಉಳಿಯಿತು.

ತಿಂಗಳಾದ ಮೇಲೆ ವನಮಾಲಾಬಾಯಿ ಸೋಡಾ ಉಳಿದಿದೆಯೇ ಎಂದು ತಿಳಿಯಲು ರೂಢಿಯಂತೆ ಸಾಬೂನಿಗೆ ಮೊದಲು ತಮ್ಮ ನಾಲಿಗೆಯ ತುದಿ ತಾಗಿಸಿ ನೋಡಿದರು. ನಾಲಿಗೆ ಚುರ್ರೆಂದಿತು. ಮೊಮ್ಮಗಳನ್ನು ದೂರ ಕಳಿಸಿ, ಅಷ್ಟೂ ಬಿಲ್ಲೆಗಳನ್ನು ಬಚ್ಚಲಿನ ಕಲ್ಲು ತೊಳೆಯಲು ಇಟ್ಟರು.

ಅಷ್ಟರಲ್ಲಿ ಬಿಸಿಲಿಗೆ ಕರಗಿದ್ದ ಕೊಬ್ಬರಿ ಎಣ್ಣೆ, "ನಾನಿದ್ದಿದ್ದರೆ ಹೀಗಾಗುತ್ತಿರಲಿಲ್ಲ," ಎಂದಿತು.

ಕಲ್ಲು ಸ್ವಚ್ಛವಾಯಿತು.