ಸೊನ್ನೆಯ ಮೇಲೆ ಕೂತ ಅಧ್ಯಕ್ಷರು

ಒಂದು ಹಾಲಿನ ಡೈರಿ. ಅಲ್ಲೊಬ್ಬ ಗುಮಾಸ್ತ. ಬೆಳಿಗ್ಗೆ ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾರೆ, ಹಾಲು ಅಳೆಯುವ ಪ್ರೋಗ್ರಾಂ ಮಾತ್ರ ಏಳಲೊಲ್ಲದು. ಬಿಸಿಲೇರಿದರೆ ಹಾಲು ಕೆಟ್ಟೀತು.

ಗುಮಾಸ್ತ ನೋಡಿದ. ಕಂಪ್ಯೂಟರಿನಲ್ಲಿ ಒಂದೊಂದು ಪ್ರೋಗ್ರಾಮಿಗೂ ಪೋರ್ಟ್ ಎಂಬ ಬಾಗಿಲು, ಬಾಗಿಲಿಗೊಂದು ನಂಬರು. ಹಾಲಿನ ಬಾಗಿಲು 8080. ಅಧ್ಯಕ್ಷ ರುದ್ರಮುನಿಯಪ್ಪನವರು ನಿನ್ನೆ ಹಾಕಿಸಿದ, ಅವರದೇ ಭಾವಚಿತ್ರ ತೋರಿಸುವ ಪ್ರೋಗ್ರಾಂ ಅದೇ ಬಾಗಿಲಲ್ಲಿ ಕೂತಿತ್ತು; ಒಂದು ಬಾಗಿಲಲ್ಲಿ ಎರಡಕ್ಕೆ ಜಾಗವಿಲ್ಲ.

"ನನ್ನ ಫೋಟೊ ನಿಲ್ಲಿಸಿದೆಯೋ, ನಿನ್ನ ಕೆಲಸ ಹೋಯ್ತು!" ಅಂದರು ಅಲ್ಲೇ ನಿಂತಿದ್ದ ಅಧ್ಯಕ್ಷರು. "ಹಾಲು ಕೆಟ್ಟರೂ ಹೋಯ್ತು!"

ಗುಮಾಸ್ತ ಮನಸ್ಸಿನಲ್ಲೇ ದೇವರನ್ನು ನೆನೆದು ಕೈಮುಗಿದ.

"ನಿಲ್ಲಿಸೋದಿಲ್ಲ ಯಜಮಾನ್ರೇ. ಆದ್ರೆ ತಾವು ಸೊನ್ನೆಯಲ್ಲಿ ಮುಗಿಯೋ ನಂಬರಿನ ಮೇಲೆ ಕೂತಿದ್ದೀರಿ. ಮದುವೆ ಮುಯ್ಯಿಗೂ ನಾವು ನೂರು ಇಡಲ್ಲ, ನೂರೊಂದು ಇಡ್ತೀವಿ. ಏಳಿಗೆ ಅಲ್ಲಿಗೇ ನಿಲ್ಲಬಾರದು ಅಂತ."

ಅಧ್ಯಕ್ಷರ ಮುಖ ಬಿಳಿಚಿತು. "ಅಯ್ಯೋ, ಮೊದಲೇ ಹೇಳಬಾರದೇನಯ್ಯಾ! ಬೇಗ ಒಂದು ಸೇರಿಸು!"

ಭಾವಚಿತ್ರ 8081ಕ್ಕೆ ಹೋಯಿತು. 8080 ತೆರವಾಯಿತು. ಹಾಲಿನ ಪ್ರೋಗ್ರಾಂ ಎದ್ದಿತು, ಸಾಲು ಮುಂದೆ ಸರಿಯಿತು.

ಅಧ್ಯಕ್ಷರಿಗೆ ಈಗ ಹೊಸ ಅನುಮಾನ. "ಅಲ್ಲಯ್ಯಾ, ಹಾಲಿನದು ಸೊನ್ನೆಯಲ್ಲೇ ಉಳೀತಲ್ಲ? ಅದಕ್ಕೂ ಒಂದಿಷ್ಟು ಸೇರಿಸಬೇಡವೇ?"

ಗುಮಾಸ್ತ ಸಾಲಿನ ಕಡೆಗೊಮ್ಮೆ ನೋಡಿ, ವಿನಯದಿಂದಲೇ ಅಂದ: "ಹಾಲಿಗೆ ಮಾತ್ರ ಏನನ್ನೂ ಸೇರಿಸಬಾರದು ಯಜಮಾನ್ರೇ."