ನೂರನೆಯ ಮೆಟ್ಟಿಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ಈ ಜಗಲಿಯಲ್ಲಿ ಮೂವತ್ತು ಜನ ಕೂರುವುದೇ ಕಷ್ಟ. ಮೂರು ಸಾವಿರ ಜನ ಕೂರುವಂಥ ಮಂಟಪ ಕಟ್ಟಿಸಿದರೆ ನಿಮ್ಮ ಮಾತು ಅಷ್ಟೂ ಜನಕ್ಕೆ ತಲುಪುತ್ತದಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ನಾಡಿನಲ್ಲಿ ಕುಸ್ತಿಯೇ ದೊಡ್ಡ ಆಟ. ರಾಜನ ಅಜ್ಜನ ಕಾಲದಲ್ಲಿ ಕುಸ್ತಿ ಬಯಲಿನಲ್ಲಿ ನಡೆಯುತ್ತಿತ್ತು. ಜನ ಅಖಾಡದ ಸುತ್ತ ನೆಲದ ಮೇಲೆ ಕೂರುತ್ತಿದ್ದರು. ತಂದೆಯ ಕಾಲದಲ್ಲಿ ಸುತ್ತಲೂ ಹನ್ನೆರಡು ಕಲ್ಲಿನ ಮೆಟ್ಟಿಲು ಬಂದವು. ಅಲ್ಲಿ ಒಂದು ಪದ್ಧತಿಯಿತ್ತು. ತೀರ್ಪುಗಾರ ಜಟ್ಟಿಯ ಬೆನ್ನನ್ನು ಮಾತ್ರ ನೋಡಬೇಕು. ಬೆನ್ನು ಮಣ್ಣಿಗೆ ತಾಗಿದರೆ ಸೋಲು, ತಾಗದಿದ್ದರೆ ಸೋಲಲ್ಲ. ಮುಖ ನೋಡುವುದು ಜನರ ಕೆಲಸ. ಜಟ್ಟಿಯ ಉಸಿರು ಕಟ್ಟಿತೆಂದು ಕಂಡರೆ ಯಾರು ಬೇಕಾದರೂ ತಮ್ಮ ಹೆಗಲ ವಸ್ತ್ರವನ್ನು ಅಖಾಡಕ್ಕೆ ಎಸೆಯಬಹುದು. ವಸ್ತ್ರ ಬಿದ್ದೊಡನೆ ಹಿಡಿತ ಬಿಡಬೇಕು. ಆದ್ದರಿಂದಲೇ ಅಲ್ಲಿ ಅದುವರೆಗೆ ಯಾರೂ ಸತ್ತಿರಲಿಲ್ಲ.

ಈಗಿನ ರಾಜನಿಗೆ ಇಡೀ ನಾಡು ಒಟ್ಟಿಗೆ ಕೂತು ನೋಡುವಂಥ ಮಲ್ಲರಂಗ ಬೇಕೆನಿಸಿತು. ಸ್ಥಪತಿಯೊಬ್ಬ ಹನ್ನೊಂದು ವರ್ಷ ದುಡಿದು ನೂರು ಮೆಟ್ಟಿಲು ಕಟ್ಟಿದ. ಮುಂದಿನವನ ತಲೆ ಹಿಂದಿನವನಿಗೆ ಅಡ್ಡ ಬರದಂತೆ ಪ್ರತಿ ಮೆಟ್ಟಿಲನ್ನೂ ಎತ್ತರಿಸಿದ. ಜನ ನೂಕಾಡದಂತೆ ನಲವತ್ತು ಬಾಗಿಲು ಇಟ್ಟ. ರಾಜನ ಮೆರವಣಿಗೆ ಸುತ್ತು ಬರಲೆಂದು ಅಖಾಡಕ್ಕೂ ಮೊದಲ ಮೆಟ್ಟಿಲಿಗೂ ನಡುವೆ ಎರಡು ಆನೆ ಜೊತೆಯಾಗಿ ನಡೆಯುವಷ್ಟು ದಾರಿ ಬಿಟ್ಟ.

ಸ್ಥಪತಿಯ ತಮ್ಮ ಜಟ್ಟಿಯಾಗಿದ್ದ. ಹೊಸ ರಂಗದಲ್ಲಿ ಮೊದಲ ಕುಸ್ತಿ ಅವನದೇ.

“ಅಣ್ಣಾ, ಅಷ್ಟು ಮೇಲೆ ಕೂತವರಿಗೆ ನಾನು ಇರುವೆ ಹಾಗೆ ಕಾಣ್ತೀನಿ” ಎಂದ ತಮ್ಮ.

“ಗೆದ್ದದ್ದು ಕಂಡರೆ ಸಾಕು ಕಣೋ. ನಿನ್ನ ಮೂತಿ ನೋಡೋಕೆ ಯಾರು ಬರ್ತಾರೆ?” ಎಂದ ಅಣ್ಣ. ಇಬ್ಬರೂ ನಕ್ಕರು.

ಆ ದಿನ ಸ್ಥಪತಿ ನೂರನೆಯ ಮೆಟ್ಟಿಲಿನಲ್ಲಿ ಕೂತ. ಅಲ್ಲಿಂದಲೂ ಅಖಾಡ ಕಾಣುತ್ತದೆಂಬುದನ್ನು ಅವನು ತಾನೇ ನೋಡಬೇಕಿತ್ತು. ಕಂಡಿತು. ಎದುರಾಳಿ ತಮ್ಮನ ಕತ್ತನ್ನು ತೋಳಿನಲ್ಲಿ ಬಿಗಿದಿದ್ದ. ತಮ್ಮ ಒಂದು ಕೈ ಎತ್ತಿದ. ಗೆಲ್ಲುತ್ತೇನೆಂದು ತನಗೆ ಸನ್ನೆ ಮಾಡುತ್ತಿದ್ದಾನೆ ಎಂದು ಸ್ಥಪತಿ ತಿಳಿದ. ಎದ್ದು ನಿಂತು ಕೂಗಿದ. ಪಕ್ಕದವರು ಕೂಗಿದರು. ಆಮೇಲೆ ನೂರು ಮೆಟ್ಟಿಲೂ ಕೂಗಿದವು.

ಮೊದಲ ಮೆಟ್ಟಿಲಿನಿಂದ ಒಬ್ಬ ಮುದುಕ ವಸ್ತ್ರ ಎಸೆದ. ಅದು ಆನೆಯ ದಾರಿಯಲ್ಲಿ ಬಿತ್ತು. “ಬಿಡೋ, ಬಿಡೋ!” ಎಂದು ಅವನು ಅರಚಿದ್ದು ಯಾರಿಗೂ ಕೇಳಿಸಲಿಲ್ಲ. ಜನ ಇನ್ನೂ ಬೇಕೆನ್ನುತ್ತಿದ್ದಾರೆಂದು ತಿಳಿದು ಎದುರಾಳಿ ಹಿಡಿತ ಬಿಗಿ ಮಾಡಿದ.

ಎತ್ತಿದ ಕೈ ಇಳಿಯಿತು. ತಮ್ಮ ಬೋರಲಾಗಿ ಬಿದ್ದ. ಬೆನ್ನು ಮಣ್ಣಿಗೆ ತಾಗಿರಲಿಲ್ಲ. ಆದ್ದರಿಂದ ಅವನು ಸೋತಿಲ್ಲ ಎಂದು ತೀರ್ಪುಗಾರ ಸಾರಿದ. ಜನ ಮತ್ತೆ ಕೂಗಿದರು. ತಮ್ಮ ಏಳಲಿಲ್ಲ.

ಸ್ಥಪತಿ ಮೆಟ್ಟಿಲಿಳಿದು ಓಡಿದ. ಅಷ್ಟರಲ್ಲಿ ಯಾರೋ ದೇಹವನ್ನು ಮಗುಚಿದ್ದರು. ಹನ್ನೆರಡನೆಯ ಮೆಟ್ಟಿಲಿಗೆ ಬಂದಾಗ ಅವನಿಗೆ ತಮ್ಮನ ಮುಖ ಕಾಣಿಸಿತು. ಹಳೆಯ ರಂಗದಲ್ಲಿ ಹನ್ನೆರಡನೆಯದೇ ಕೊನೆಯ ಮೆಟ್ಟಿಲಾಗಿತ್ತು.

ಕತೆ ಮುಗಿಯಿತು. “ಆದರೆ ನಮ್ಮದು ಕುಸ್ತಿಯಲ್ಲ ಗುರುಗಳೇ, ಬರೀ ಮಾತು” ಎಂದ ಶಿಷ್ಯ.

ಗುರುಗಳು ಹೇಳಿದರು: “ನಿನ್ನ ಮಂಟಪದ ಕೊನೆಯ ಸಾಲಿನಲ್ಲಿ ಒಬ್ಬ ಕೈ ಎತ್ತಿದರೆ, ಅವನು ಕೈ ಮುಗಿಯುತ್ತಿದ್ದಾನೋ ಮುಳುಗುತ್ತಿದ್ದಾನೋ ಇಲ್ಲಿ ಕೂತ ನನಗೆ ಹೇಗೆ ತಿಳಿಯಬೇಕು?”