ಬುಡೇನ್ ಸಾಬರು ಪ್ಲಗ್ ಬಿಚ್ಚಿದ್ದು

ಆಗ ಕಡೂರಿನ ಬಸ್ ಸ್ಟ್ಯಾಂಡ್ ಹಿಂದೆ ಒಂದು ಹುಣಸೆಮರವಿತ್ತು. ಅದರ ಕೆಳಗೆ ಬುಡೇನ್ ಸಾಬರ ಗ್ಯಾರೇಜು. ಆಮೇಲೆ ಎಷ್ಟೋ ದೇಶಗಳಲ್ಲಿ ನನ್ನ ಕಾರು ಕೆಟ್ಟು ನಿಂತಿದೆ. ಅಂಥ ನೆರಳು ಎಲ್ಲೂ ಸಿಗಲಿಲ್ಲ.

ಒಂದು ಮಧ್ಯಾಹ್ನ ನಿವೃತ್ತ ಅಮಲ್ದಾರ್ ನರಸಿಂಗರಾಯರ ಕಾರು ಕೆಮ್ಮುತ್ತ ಬಂದು ನಿಂತಿತು. ಸಂಜೆ ತರೀಕೆರೆಯ ಶಾಲೆಯ ಸಭೆಗೆ ಅವರದೇ ಅಧ್ಯಕ್ಷತೆ.

“ಪ್ಲಗ್ ಬಿಚ್ಚಿ ಬೇರೆ ಹಾಕು. ಐದೇ ನಿಮಿಷ!”

“ರಾಯರೇ, ತುಕ್ಕು ಹಿಡಿದು ಕಚ್ಕೊಂಡಿದೆ. ಇಂಜಿನ್ನೂ ಕಾದಿದೆ. ಈಗ ತಿರುಗಿಸಿದರೆ ಒಳಗೇ ಮುರೀತದೆ. ಆಮೇಲೆ ಕಾರೂ ಇಲ್ಲೇ, ನೀವೂ ಇಲ್ಲೇ.”

“ನನಗೇ ಪಾಠ ಹೇಳ್ತೀಯಾ? ತಿರುಗಿಸಯ್ಯ!”

ಸಾಬರು ಪ್ಲಗ್ಗುಗಳ ಬುಡಕ್ಕೆ ಎಣ್ಣೆ ಬಿಟ್ಟರು. ತಿರುಗಿಸುವ ಪಾನಾ ಕೈಗೆತ್ತಿಕೊಂಡು, ಬಲು ವಿನಯದಿಂದ ಕೇಳಿದರು: “ಇವತ್ತಿನ ಭಾಷಣ ಯಾವುದರ ಮೇಲೆ ರಾಯರೇ? ಅದನ್ನ ಕೇಳೋ ಭಾಗ್ಯ ನಮಗೆಲ್ಲಿ!”

ರಾಯರು ಗಂಟಲು ಸರಿಮಾಡಿಕೊಂಡರು. ವಿಷಯ ಶಿಸ್ತು. ಅದು ಅವರ ತಾತನ ಕಾಲದಿಂದ ಶುರುವಾಯಿತು. ಬಸ್ಸಿಗೆ ಕಾದಿದ್ದ ನಾವೆಲ್ಲ ಸುತ್ತ ಕೂತೆವು. ಎರಡು ಬಸ್ಸು ಹೊರಟುಹೋದವು, ಯಾರೂ ಏಳಲಿಲ್ಲ. ಅಷ್ಟರಲ್ಲಿ ಇಂಜಿನ್ ತಣ್ಣಗಾಯಿತು, ಎಣ್ಣೆ ಒಳಗಿಳಿಯಿತು. ಸಾಬರು ಕಾಲು ಸುತ್ತು ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿ, ಹಸುಗೂಸನ್ನು ಎತ್ತಿದ ಹಾಗೆ ಒಂದೊಂದನ್ನೇ ಹೊರತೆಗೆದರು.

ಇದ್ದ ನಾಲ್ಕೂ ಪ್ಲಗ್ಗು ಬಟ್ಟೆಯ ಮೇಲೆ ಇಡಿಯಾಗಿ ಮಲಗಿದವು.

“ಆಯ್ತು ರಾಯರೇ.”

ರಾಯರು ಎತ್ತಿದ ಕೈ ಹಾಗೇ ನಿಂತಿತು. ಮುಖ ಸಪ್ಪಗಾಯಿತು.

“ಇಷ್ಟು ಬೇಗನಾ? ಐದನೇದು ಇಲ್ವೇನಯ್ಯ?”